ಕಾಲಿನಲ್ಲಿ ಹುಟ್ಟಿ ಎದೆಗೆ ಬರುವ ಆಪತ್ತು

(ವಾಚನಾಲಯದ ತಿಂಗಳ ಕೂಟದಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಕೂಟದಲ್ಲಿ ಕಾವ್ಯ, ನಾಟಕ, ಪ್ರವಾಸಗಳ ಮಾತು ನಡೆಯುವುದು ವಾಡಿಕೆ. ಈ ತಿಂಗಳು ಆರೋಗ್ಯದ ವಿಷಯವೊಂದನ್ನು ಎತ್ತಿಕೊಳ್ಳಲು ಕಾರ್ಯದರ್ಶಿಗಳು ನನಗೆ ಅಪ್ಪಣೆ ಕೊಟ್ಟಿದ್ದಾರೆ. ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿ ಗಿರಣಿ ಸೇರಿದವನು. ಹಾಜರಿ, ರಜೆ, ಇ.ಎಸ್.ಐ. ಕಾಗದಗಳನ್ನು ನೋಡಿಕೊಳ್ಳುವ ಗುಮಾಸ್ತ. ಸಂಜೆಯ ಹೊತ್ತು ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುತ್ತೇನೆ. ಆದರೆ ಕಾಯಿಲೆಯ ಚೀಟಿಗಳು ದಿನವೂ ನನ್ನ ಮೇಜಿನ ಮೇಲಿಂದಲೇ ಹಾದುಹೋಗುವುದರಿಂದ ಕೆಲವು ಹೆಸರುಗಳು ಮನಸ್ಸಿನಲ್ಲಿ ಉಳಿಯುತ್ತವೆ. ಅಂಥ ಒಂದು ಹೆಸರನ್ನು ಹಿಡಿದು ನಾನು ಓದಿದ್ದನ್ನೂ ಕೇಳಿ ತಿಳಿದದ್ದನ್ನೂ ತಮ್ಮ ಮುಂದಿಡುತ್ತೇನೆ. ಭಾನುವಾರ ಇಲ್ಲಿಗೆ ಪತ್ರಿಕೆ ಓದಲು ಬರುವ ವೈದ್ಯರೊಬ್ಬರು ಈ ಬರಹವನ್ನು ನೋಡಿ ತಿದ್ದಿಕೊಟ್ಟಿದ್ದಾರೆ. ಅವರಿಗೆ ಮೊದಲೇ ನನ್ನ ಕೃತಜ್ಞತೆ ಸಲ್ಲಲಿ.

ಆ ಹೆಸರು ಪಲ್ಮನರಿ ಎಂಬಾಲಿಸಂ. ಕೇಳಲು ದೊಡ್ಡದು, ಅರ್ಥ ಸರಳ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಡು ಕಳಚಿಕೊಂಡು ರಕ್ತದ ಹರಿವಿನೊಡನೆ ಮೇಲಕ್ಕೆ ಬಂದು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹುಟ್ಟುವ ಸ್ಥಳ ಕಾಲು, ಹೊಡೆತ ಬೀಳುವ ಸ್ಥಳ ಎದೆ. ಇದೇ ಈ ರೋಗದ ಮೋಸ. ಎದೆ ಹಿಡಿದುಕೊಂಡು ಕುಳಿತವನ ಕಾಲನ್ನು ಯಾರು ನೋಡುತ್ತಾರೆ?

ರಕ್ತದ ದಾರಿಯನ್ನು ಒಂದಿಷ್ಟು ನೆನಪಿಸಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ನಾವು ಸುಮ್ಮನೆ ಕುಳಿತಿದ್ದಾಗಲೂ ಹೃದಯವು ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ನೂಕುತ್ತದೆ. ಕಾಲಿಗೆ ಇಳಿದ ರಕ್ತ ಹಿಂದಿರುಗಿ ಮೇಲೇರಬೇಕಲ್ಲ, ಆ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಮೀನಖಂಡದ ಸ್ನಾಯು. ನಡೆಯುವಾಗ ಅದು ಬಿಗಿದು ಸಡಿಲವಾಗಿ ನಾಳವನ್ನು ಹಿಂಡುತ್ತದೆ. ನಾಳದೊಳಗಿನ ಸಣ್ಣ ಕವಾಟಗಳು ರಕ್ತ ಕೆಳಕ್ಕೆ ಜಾರದಂತೆ ತಡೆಯುತ್ತವೆ. ಹೀಗೆ ಮೇಲೇರಿದ ರಕ್ತವು ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಪ್ರಾಣವಾಯುವನ್ನು ತುಂಬಿಕೊಂಡು ಎಡಭಾಗಕ್ಕೆ ಮರಳುತ್ತದೆ.

ಕಾಲಿನಿಂದ ಹೊರಟ ಹೆಪ್ಪಿಗೆ ಈ ದಾರಿಯಲ್ಲಿ ಎಲ್ಲಿಯೂ ತಡೆಯಿಲ್ಲ; ಮುಂದೆ ಮುಂದೆ ನಾಳಗಳು ಅಗಲವಾಗುತ್ತಲೇ ಹೋಗುತ್ತವೆ. ಹೃದಯವನ್ನೂ ದಾಟಿ ಶ್ವಾಸಕೋಶಕ್ಕೆ ಬಂದಾಗ ನಾಳಗಳು ಕವಲೊಡೆದು ಕಿರಿದಾಗುತ್ತವೆ, ಅಲ್ಲಿ ಅದು ಸಿಕ್ಕಿಬೀಳುತ್ತದೆ. ತುಂಡು ಚಿಕ್ಕದಾದರೆ ಒಂದು ಮೂಲೆಗೆ ಮಾತ್ರ ರಕ್ತ ನಿಲ್ಲುತ್ತದೆ. ದೊಡ್ಡದಾದರೆ ಹೆದ್ದಾರಿಯೇ ಮುಚ್ಚಿದಂತೆ. ಹೃದಯದ ಎಡ ಕೋಣೆಯ ಗೋಡೆ ದಪ್ಪ, ಬಲ ಕೋಣೆಯ ಗೋಡೆ ತೆಳು. ಮುಚ್ಚಿದ ಬಾಗಿಲನ್ನು ನೂಕಿ ನೂಕಿ ಆ ತೆಳುಗೋಡೆಯ ಕೋಣೆ ಸೋತುಹೋಗುತ್ತದೆ. ಹಾಗಾದಾಗ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ.

ಈ ಸಂಬಂಧವನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಕೊ. ೧೮೪೦ರ ದಶಕದಲ್ಲಿ ಬರ್ಲಿನ್ನಿನ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ತರುಣ ವೈದ್ಯರವರು. ಶ್ವಾಸಕೋಶದಲ್ಲಿ ಕಾಣುವ ಹೆಪ್ಪು ಅಲ್ಲೇ ಹುಟ್ಟಿದ್ದಲ್ಲ, ಬೇರೆ ಕಡೆಯಿಂದ ಬಂದದ್ದು ಎಂದು ಅವರು ತೋರಿಸಿದರು. ಎಂಬಾಲಿಸಂ ಎಂಬ ಹೆಸರೂ ಅವರದೇ. ಅವರು ಹುಟ್ಟಿದ ಅಕ್ಟೋಬರ್ ೧೩ನೆಯ ದಿನವನ್ನು ೨೦೧೪ರಿಂದ ಜಗತ್ತಿನಾದ್ಯಂತ ಹೆಪ್ಪುರೋಗದ ತಿಳಿವಳಿಕೆಯ ದಿನವಾಗಿ ಆಚರಿಸಲಾಗುತ್ತಿದೆ.

ನಾಳದಲ್ಲಿ ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ಇಂದಿಗೂ ಅವರ ಹೆಸರಿನಲ್ಲಿಯೇ ಕಲಿಸುತ್ತಾರೆ. ಒಂದು, ಹರಿವು ಮಂದವಾಗುವುದು. ಎರಡು, ನಾಳದ ಗೋಡೆಗೆ ಪೆಟ್ಟಾಗುವುದು. ಮೂರು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು. ಮುಂದೆ ನಾನು ಹೇಳುವ ಅಪಾಯಗಳೆಲ್ಲ ಈ ಮೂರರಲ್ಲಿ ಒಂದಕ್ಕೋ ಎರಡಕ್ಕೋ ಸೇರುತ್ತವೆ. ಮೂರೂ ಒಟ್ಟುಗೂಡಿದಲ್ಲಿ ಅಪಾಯ ಬಲು ಹೆಚ್ಚು.

ಮೊದಲನೆಯ ಕಾರಣಕ್ಕೆ ಚರಿತ್ರೆಯಲ್ಲಿ ಒಂದು ಮರೆಯಲಾಗದ ಉದಾಹರಣೆಯಿದೆ. ೧೯೪೦ರಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿದ್ದಾಗ ಜನ ರಾತ್ರಿಯೆಲ್ಲ ನೆಲಮಾಳಿಗೆಯ ಆಶ್ರಯಗಳಲ್ಲಿ ಕಳೆಯುತ್ತಿದ್ದರು. ಮಲಗಲು ಸ್ಥಳವಿಲ್ಲದೆ ಅನೇಕರು ಕ್ಯಾನ್ವಾಸಿನ ಮಡಚುವ ಕುರ್ಚಿಗಳಲ್ಲಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಬಾಂಬು ತಗಲದೆ ಉಳಿದವರಲ್ಲಿ ಕೆಲವರು ಬೆಳಗ್ಗೆ ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬಿದ್ದು ಸತ್ತರು. ಶವಪರೀಕ್ಷಕರಾದ ಕೀತ್ ಸಿಂಪ್ಸನ್ನರು ಈ ಸಾವುಗಳನ್ನು ಲೆಕ್ಕ ಹಾಕಿದಾಗ, ಹಿಂದಿನ ವರ್ಷದ ಅದೇ ಅವಧಿಗಿಂತ ಶ್ವಾಸಕೋಶದ ಹೆಪ್ಪಿನ ಸಾವು ಆರು ಪಟ್ಟಾಗಿತ್ತು. ಕುರ್ಚಿಯ ಮುಂದಿನ ಮರದ ಅಡ್ಡಪಟ್ಟಿ ರಾತ್ರಿಯಿಡೀ ತೊಡೆಯ ಹಿಂಭಾಗವನ್ನು ಒತ್ತಿ ರಕ್ತವನ್ನು ತಡೆದಿತ್ತು. ಕಾಲು ಚಾಚಿ ಮಲಗಲು ಮಂಚಗಳನ್ನು ಒದಗಿಸಬೇಕೆಂಬ ಮಾತಿಗೆ ಇದರಿಂದ ಬಲ ಬಂತು. ಬಾಂಬಿನಿಂದ ಉಳಿದವನನ್ನು ಕುರ್ಚಿ ಕೊಂದಿತು ಎಂದರೆ ನಂಬುವುದು ಕಷ್ಟ; ಆದರೆ ನಡೆದದ್ದು ಅದೇ.

೧೯೫೪ರಲ್ಲಿ ಅಮೆರಿಕದ ಬಾಸ್ಟನ್ನಿನ ಜಾನ್ ಹೋಮನ್ಸ್ ಎಂಬ ವೈದ್ಯರು ದೀರ್ಘಕಾಲ ವಿಮಾನದಲ್ಲಿಯೂ ಕಾರಿನಲ್ಲಿಯೂ ಕುಳಿತು ಪ್ರಯಾಣ ಮಾಡಿದವರಲ್ಲಿ ಇದೇ ತೊಂದರೆಯನ್ನು ಕಂಡು ಬರೆದರು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ, ವಿಮಾನವಾಗಲಿ, ಬಸ್ಸಾಗಲಿ, ರೈಲಾಗಲಿ, ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಗಾಬರಿ ಬೇಡ, ಆರೋಗ್ಯವಂತರಿಗೆ ಅಂಥ ಒಂದು ವಿಮಾನಪ್ರಯಾಣದಲ್ಲಿ ಆ ಅಪಾಯ ಸುಮಾರು ೬,೦೦೦ಕ್ಕೆ ಒಂದು. ಹೀಗಿದ್ದರೂ ನಮ್ಮಲ್ಲಿ ಬಹುಮಂದಿ ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಎಂದು ರಾತ್ರಿಯೆಲ್ಲ ಬಸ್ಸಿನಲ್ಲಿ ಮೊಣಕಾಲು ಮಡಚಿಕೊಂಡು ಊರಿಗೆ ಹೋಗಿಬರುವವರು. ಮೂತ್ರಕ್ಕೆ ಇಳಿಯುವುದು ತೊಂದರೆಯೆಂದು ತಾಯಂದಿರು ನೀರನ್ನೇ ಕುಡಿಯುವುದಿಲ್ಲ. ಬಸ್ಸು ಚಹಾಕ್ಕೆ ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯುವುದು, ಕುಳಿತಲ್ಲಿಯೇ ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸುವುದು, ಬೇಕಾದಷ್ಟು ನೀರು ಕುಡಿಯುವುದು, ಇವಕ್ಕೆ ಕಾಸು ಖರ್ಚಿಲ್ಲ. ದಿನವಿಡೀ ಲೆಕ್ಕದ ಪುಸ್ತಕದ ಮುಂದೆ ಕೂರುವ ನನ್ನಂಥ ಗುಮಾಸ್ತರಿಗೂ ಇದೇ ಬುದ್ಧಿಮಾತು.

ಆದರೆ ಪ್ರಯಾಣಕ್ಕಿಂತ ಬಹಳ ದೊಡ್ಡ ಅಪಾಯವೆಂದರೆ ಹಾಸಿಗೆ. ಸೊಂಟ, ತೊಡೆ, ಮೊಣಕಾಲುಗಳ ಎಲುಬು ಮುರಿದವರು, ಆ ಭಾಗದ ಶಸ್ತ್ರಕ್ರಿಯೆ ಆದವರು, ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆ ಆದವರು, ಲಕ್ವ ಹೊಡೆದು ಮಲಗಿದವರು ಈ ಪಟ್ಟಿಯಲ್ಲಿ ಮೊದಲಿಗರು. ಇವರಲ್ಲಿ ಹರಿವೂ ಮಂದ, ನಾಳಕ್ಕೂ ಪೆಟ್ಟು. ಗಾಯವನ್ನು ಮಾಯಿಸಲೆಂದು ದೇಹವೇ ರಕ್ತಕ್ಕೆ ಹೆಪ್ಪಿನ ಗುಣವನ್ನು ಹೆಚ್ಚಿಸಿರುತ್ತದೆ. ಮೂರೂ ಕಾರಣಗಳು ಒಟ್ಟುಗೂಡಿದ ಸ್ಥಿತಿ ಇದು.

ಇಲ್ಲಿ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಆ ಮನೆಯ ತಾಯಿಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ನಮ್ಮ ಮಗ್ಗದ ಖಾತೆಯಲ್ಲಿ ಒಬ್ಬ ಮುಕಾದಮರಿದ್ದರು. ಸ್ಕೂಟರಿನಿಂದ ಬಿದ್ದು ತೊಡೆಯ ಎಲುಬು ಮುರಿಯಿತು. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ವೈದ್ಯರು, ದಿನಕ್ಕೆ ಇಷ್ಟು ಸಲ ವಾಕರ್ ಹಿಡಿದು ಎದ್ದು ನಡೆಯಬೇಕು, ಮಲಗಿರುವಾಗ ಪಾದ ಆಡಿಸುತ್ತಿರಬೇಕು ಎಂದು ಹೇಳಿ ಕಳಿಸಿದ್ದರು. ಹೆಂಡತಿ ಹಾಗೆಯೇ ಮಾಡಿಸಲು ಹೊರಟರೆ ಊರಿನಿಂದ ನೋಡಲು ಬಂದ ಹಿರಿಯರು, ‘ಬಿಡವಾ ತಂಗಿ, ಎಲುಬು ಮುರಿದವನ್ನ ಎಬ್ಬಿಸಿ ದಣಿಸಬ್ಯಾಡ. ಕೂಡೂತನಕ ಮಲಗಿರಲಿ’ ಎಂದು ತಡೆದರು. ಅವರದು ಪ್ರೀತಿಯ ಮಾತೇ. ಹತ್ತು ದಿನ ಅವರು ಮಲಗಿಯೇ ಇದ್ದರು. ಮೀನಖಂಡ ಬಾತುಕೊಂಡಿತು, ಪೆಟ್ಟಾದ ಕಾಲು, ಬಾವು ಸಹಜ ಎಂದುಕೊಂಡರು. ಹನ್ನೊಂದನೆಯ ದಿನ ಹಿರಿಯರು ಊರಿಗೆ ಹೊರಟುಹೋದ ಮೇಲೆ ಹೆಂಡತಿ ಅವರನ್ನು ಎಬ್ಬಿಸಿ ವಾಕರ್ ಕೊಟ್ಟು ಬಚ್ಚಲಮನೆಯ ಕಡೆಗೆ ನಡೆಸಿದರು. ನಾಲ್ಕನೆಯ ಹೆಜ್ಜೆಗೆ ಉಸಿರು ಸಿಕ್ಕಿಕೊಂಡಿತು, ಮೈಯೆಲ್ಲ ಬೆವರಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮರಣೋತ್ತರ ಪರೀಕ್ಷೆಯ ಕಾಗದದಲ್ಲಿ ನಾನು ಈ ರೋಗದ ಹೆಸರನ್ನು ಮೊದಲು ಓದಿದೆ. ಊರಿನವರು ಮಾತ್ರ ಆ ಕಾಗದವನ್ನು ಓದಲಿಲ್ಲ. ‘ಎಬ್ಬಿಸಿ ನಡೆಸಿ ಗಂಡನ್ನ ಕಳಕೊಂಡಳು’ ಎಂದು ಆಡಿಕೊಂಡರು. ಪ್ರಾವಿಡೆಂಟ್ ಫಂಡಿನ ಅರ್ಜಿಗೆ ರುಜು ಹಾಕಲು ಬಂದಾಗ ಆ ತಾಯಿ ನನ್ನನ್ನು ಕೇಳಿದರು: ‘ತಮ್ಮಾ, ನಾ ಎಬ್ಬಿಸದಿದ್ರ ಅವರು ಉಳೀತಿದ್ರೇನು?’ ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ನಮ್ಮ ವೈದ್ಯಮಿತ್ರರ ಬಳಿಗೆ ಕೊಂಡೊಯ್ದೆ. ಅವರು ಹೇಳಿದ್ದು ಇಷ್ಟು: ಹೆಪ್ಪು ಹುಟ್ಟಿದ್ದು ಮಲಗಿದ್ದ ದಿನಗಳಲ್ಲಿ. ಕಳಚಿದ್ದು ಎದ್ದ ಗಳಿಗೆಯಲ್ಲಿ. ಅದು ಎಂದಾದರೂ ಒಂದು ದಿನ, ಕೆಮ್ಮಿದಾಗಲೋ ಮಗ್ಗುಲಾದಾಗಲೋ ಕಳಚಬಹುದಾಗಿತ್ತು. ನಡೆಸಬೇಕೆಂದ ಹೆಂಡತಿಯ ಬುದ್ಧಿಯೇ ಸರಿಯಾದುದು. ಈ ಮಾತನ್ನು ನಾನು ಆ ತಾಯಿಗೆ ಹೇಳಿದ್ದೇನೆ. ಆದರೆ ಅವರೊಬ್ಬರಿಗೆ ಹೇಳಿದರೆ ಸಾಲದು; ಆಡಿಕೊಳ್ಳುವವರಿಗೂ ತಿಳಿಯಬೇಕು. ಇಂದು ಈ ವಿಷಯವನ್ನೇ ಆರಿಸಿಕೊಂಡದ್ದು ಅದಕ್ಕಾಗಿಯೇ. ರೋಗದ ದಾರಿ ತಿಳಿಯದಿದ್ದಲ್ಲಿ ಜನ ಮನುಷ್ಯರ ಮೇಲೆ ತಪ್ಪು ಹೊರಿಸುತ್ತಾರೆ. ಅದು ಬಹಳ ಸಲ ಹೆಣ್ಣುಮಕ್ಕಳ ತಲೆಗೇ ಬರುತ್ತದೆ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಬಾಣಂತಿಯರ ವಿಷಯ ಹೇಳುತ್ತೇನೆ. ಹೆರಿಗೆಯಲ್ಲಿ ರಕ್ತ ಅತಿಯಾಗಿ ಹೋಗದಿರಲೆಂದು ಗರ್ಭಿಣಿಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣವನ್ನು ಪ್ರಕೃತಿಯೇ ಹೆಚ್ಚಿಸಿರುತ್ತದೆ. ಹೆರಿಗೆಯಾದ ಮೇಲಿನ ಆರು ವಾರ, ಮುಖ್ಯವಾಗಿ ಸಿಸೇರಿಯನ್ ಆದವರಿಗೆ, ಅಪಾಯ ಇನ್ನೂ ಹೆಚ್ಚು. ನಮ್ಮ ಕಡೆ ಬಾಣಂತಿ ಮಂಚ ಬಿಟ್ಟಿಳಿಯಬಾರದು, ನೀರು ಕುಡಿದರೆ ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಗುಟುಕು ನೀರಿಗೂ ಲೆಕ್ಕ ಹಾಕುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ನೀರಿಲ್ಲದೆ ರಕ್ತ ಮಂದವಾಗುತ್ತದೆ. ಬಾಣಂತಿಯರ ಮೆದುಳಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು ಬಹುಕಾಲದಿಂದ ಕಂಡು ಬರೆದಿದ್ದಾರೆ. ಅಜ್ಜಿಯಂದಿರ ಎಣ್ಣೆನೀರು, ಅಂಟಿನುಂಡೆ, ಆರೈಕೆ ಎಲ್ಲವೂ ಇರಲಿ. ನೀರಿಗೆ ಮಾತ್ರ ತಡೆ ಬೇಡ, ಮನೆಯೊಳಗೆ ನಡೆದಾಡಲು ಅಡ್ಡಿ ಬೇಡ.

ಗರ್ಭನಿರೋಧದ ಕೆಲವು ಮಾತ್ರೆಗಳಲ್ಲಿರುವ ಈಸ್ಟ್ರೋಜನ್ ಎಂಬ ಹಾರ್ಮೋನು ಕೂಡ ರಕ್ತದ ಹೆಪ್ಪಿನ ಗುಣವನ್ನು ಹೆಚ್ಚಿಸುತ್ತದೆ. ಪೂಜೆ, ಮದುವೆ, ಯಾತ್ರೆಗೆಂದು ಮುಟ್ಟನ್ನು ಮುಂದಕ್ಕೆ ಹಾಕಲು ನೆರೆಯವರು ಹೇಳಿದ ಹಾರ್ಮೋನು ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುವ ಅಭ್ಯಾಸವಿದೆ. ಎಲ್ಲರಿಗೂ ಕೆಡುಕಾಗುವುದಿಲ್ಲ. ಆದರೆ ಯಾರಿಗೆ ಆಗದು, ಯಾರಿಗೆ ಆದೀತು ಎಂದು ಹೇಳಲು ವೈದ್ಯರಿಗೆ ಮನೆತನದ ಚರಿತ್ರೆ ತಿಳಿಯಬೇಕು. ಆದುದರಿಂದ ಕೇಳದೆ ತೆಗೆದುಕೊಳ್ಳಬಾರದು.

ಉಳಿದ ಅಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಹಿಂದೊಮ್ಮೆ ಈ ಹೆಪ್ಪು ಬಂದವರು, ಒಡಹುಟ್ಟಿದವರಲ್ಲೋ ತಂದೆತಾಯಿಗಳಲ್ಲೋ ಇದು ಕಂಡವರು, ಕ್ಯಾನ್ಸರ್ ಇರುವವರು, ಹೃದಯ ದುರ್ಬಲವಾದವರು, ಅತಿ ಸ್ಥೂಲಕಾಯದವರು, ವಯಸ್ಸಾದವರು ಎಚ್ಚರಿಕೆಯಿಂದಿರಬೇಕು. ಬೀಡಿ ಸಿಗರೇಟು ಇದಕ್ಕೂ ಕೈಜೋಡಿಸುತ್ತವೆ. ೨೦೨೦ರಲ್ಲಿ ಕೋವಿಡ್ ಬಂದು ಆಸ್ಪತ್ರೆ ಸೇರಿದವರಲ್ಲಿ ಅನೇಕರಿಗೆ ಶ್ವಾಸಕೋಶದಲ್ಲಿ ಹೆಪ್ಪು ಕಂಡದ್ದು ನಮಗೆಲ್ಲ ಹೊಸ ಪಾಠವಾಯಿತು. ಯಾವ ಕಾರಣವೂ ಕಾಣದೆ ಬರುವುದೂ ಉಂಟು.

ಈಗ ಗುರುತಿಸುವುದು ಹೇಗೆ? ಕಾಲಿನಲ್ಲಿ: ಸಾಮಾನ್ಯವಾಗಿ ಒಂದೇ ಕಾಲು ಬಾತುಕೊಳ್ಳುವುದು, ಮೀನಖಂಡದಲ್ಲಿ ನೋವು, ಮುಟ್ಟಿದರೆ ಬಿಸಿ, ಚರ್ಮದ ಬಣ್ಣ ಬದಲಾಗುವುದು. ಎದೆಯಲ್ಲಿ: ಕಾರಣವಿಲ್ಲದೆ ತಟಕ್ಕನೆ ಬರುವ ಏದುಸಿರು; ಉಸಿರೆಳೆದಾಗ ಚುಚ್ಚುವ ನೋವು; ನಾಡಿ ಓಡುವುದು; ಕಫದಲ್ಲಿ ರಕ್ತ; ತಲೆ ತಿರುಗಿ ಬೀಳುವುದು. ಎಲ್ಲವೂ ಒಬ್ಬನಲ್ಲಿ ಇರಲೇಬೇಕೆಂದಿಲ್ಲ. ಕಾಲು ನೋಡಲು ಸರಿಯಾಗಿಯೇ ಇರಬಹುದು. ನಮ್ಮಲ್ಲಿ ಎದೆನೋವು ಎಂದೊಡನೆ ಗ್ಯಾಸು ಎಂದು ಸೋಡಾ ಕುಡಿಸುವುದು, ಏದುಸಿರು ಎಂದರೆ ದಣಿವು ಎಂದು ಮಲಗಿಸುವುದು ರೂಢಿ. ಈ ರೋಗದಲ್ಲಿ ಸಾಯುವವರಲ್ಲಿ ಅನೇಕರು ಮೊದಲ ಕೆಲವು ಗಂಟೆಗಳಲ್ಲಿಯೇ ಸಾಯುತ್ತಾರೆ. ಆದ್ದರಿಂದ ಸೋಡಾ ಬೇಡ, ೧೦೮ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಅಲ್ಲಿ ಮೊದಲು ಪ್ರಾಣವಾಯುವಿನ ಮಟ್ಟ, ಇ.ಸಿ.ಜಿ. ನೋಡುತ್ತಾರೆ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಮಾಡಬಹುದು. ಕಾಲಿನ ನಾಳಕ್ಕೆ ಡಾಪ್ಲರ್ ಪರೀಕ್ಷೆ, ಹೃದಯಕ್ಕೆ ಎಕೋ ಮಾಡುವುದುಂಟು. ನಾಳಕ್ಕೆ ಬಣ್ಣದ ಔಷಧ ಕೊಟ್ಟು ತೆಗೆಯುವ ಸಿ.ಟಿ. ಚಿತ್ರದಲ್ಲಿ ಹೆಪ್ಪು ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ. ಹೆಪ್ಪು ಬೆಳೆಯದಂತೆ ತಡೆಯಲು ಹೆಪಾರಿನ್ ಚುಚ್ಚುಮದ್ದು, ಆಮೇಲೆ ಮಾತ್ರೆ. ಪ್ರಾಣಕ್ಕೇ ಕುತ್ತು ಬಂದಿದ್ದರೆ ಹೆಪ್ಪನ್ನು ಕರಗಿಸುವ ಬಲವಾದ ಔಷಧ ಕೊಡುತ್ತಾರೆ.

ಈ ಔಷಧಗಳಿಂದ ಲಾಭವುಂಟೇ ಎಂಬುದನ್ನು ೧೯೬೦ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು ೩೫ ರೋಗಿಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಔಷಧವಿಲ್ಲದ ೧೯ ಮಂದಿಯಲ್ಲಿ ೫ ಮಂದಿ ಇದೇ ರೋಗದಿಂದ ಸತ್ತರು. ಔಷಧ ಪಡೆದ ೧೬ ಮಂದಿಯಲ್ಲಿ ಒಬ್ಬರೂ ಈ ರೋಗದಿಂದ ಸಾಯಲಿಲ್ಲ. ಚಿಕ್ಕ ಪಟ್ಟಿ, ಆದರೆ ಅದರ ನಂತರ ಈ ಔಷಧವನ್ನು ಕೊಡದೆ ಇರುವ ಧೈರ್ಯ ಯಾರಿಗೂ ಬರಲಿಲ್ಲ.

ಮಾತ್ರೆಯ ಹುಟ್ಟಿನ ಕಥೆ ನಮ್ಮ ರೈತರಿಗೆ ಹಿಡಿಸುವಂಥದು. ೧೯೨೦ರ ದಶಕದಲ್ಲಿ ಕೆನಡ ಮತ್ತು ಉತ್ತರ ಅಮೆರಿಕದ ಹೊಲಗಳಲ್ಲಿ ಬೂಸಲು ಹಿಡಿದ ಒಂದು ಜಾತಿಯ ಒಣಹುಲ್ಲನ್ನು ತಿಂದ ದನಗಳು ಸಣ್ಣ ಗಾಯವಾದರೂ ರಕ್ತ ನಿಲ್ಲದೆ ಸಾಯುತ್ತಿದ್ದವು. ೧೯೩೩ರಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಹಿಮಗಾಳಿಯಲ್ಲಿ, ಸತ್ತ ಕಡಸನ್ನೂ ಹಾಲಿನ ಡಬ್ಬಿಯಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಹೇರಿಕೊಂಡು ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ಬಾಗಿಲಿಗೆ ಬಂದ. ಅವರ ತಂಡ ಆರು ವರ್ಷ ದುಡಿದು ಹುಲ್ಲಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು. ಅದರ ವಂಶದ ವಾರ್ಫರಿನ್ ೧೯೪೮ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂತು. ೧೯೫೪ರಲ್ಲಿ ಮನುಷ್ಯರ ಔಷಧವಾಯಿತು. ೧೯೫೫ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೂ ಅದನ್ನು ಕೊಟ್ಟರು. ಪ್ರಮಾಣ ತಪ್ಪಿದರೆ ವಿಷ, ಪ್ರಮಾಣದಲ್ಲಿದ್ದರೆ ಅಮೃತ.

ಅದಕ್ಕೇ ವಾರ್ಫರಿನ್ ತೆಗೆದುಕೊಳ್ಳುವವರು ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಸೊಪ್ಪು ತಿನ್ನಬಾರದೆಂದಲ್ಲ, ಒಂದು ವಾರ ತಿನ್ನದೆ ಮರುವಾರ ರಾಶಿ ತಿಂದರೆ ಔಷಧದ ಲೆಕ್ಕ ತಪ್ಪುತ್ತದೆ, ಪ್ರಮಾಣ ಒಂದೇ ತೆರನಾಗಿರಲಿ. ಈಗ ರಿವರಾಕ್ಸಬಾನ್, ಅಪಿಕ್ಸಬಾನ್ ಮುಂತಾದ ಹೊಸ ಮಾತ್ರೆಗಳಿಗೆ ಅಷ್ಟು ಪರೀಕ್ಷೆ ಬೇಡ. ಯಾವುದಾದರೂ ಕನಿಷ್ಠ ಮೂರು ತಿಂಗಳು ನಡೆಯಬೇಕು. ಉಸಿರು ಸರಿಹೋಯಿತೆಂದು ಹದಿನೈದು ದಿನಕ್ಕೇ ನಿಲ್ಲಿಸಿದರೆ ಹೆಪ್ಪು ಮರಳಿ ಬರಬಹುದು. ನೋವಿನ ಮಾತ್ರೆಯನ್ನಾಗಲಿ ನಾಟಿ ಔಷಧವನ್ನಾಗಲಿ ಜೊತೆಗೆ ಸೇರಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಇನ್ನೊಂದು ಮುಖ್ಯ ಮಾತು. ಬಾತುಕೊಂಡು ನೋಯುವ ಮೀನಖಂಡವನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ. ೨೦೧೭ರಲ್ಲಿ ವರದಿಯಾದ ದೆಹಲಿಯ ಒಂದು ಪ್ರಸಂಗದಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ತರುಣನಿಗೆ ಅದನ್ನು ಬಿಚ್ಚಿದ ಮೇಲೂ ಬಾವು ನೋವು ಇದ್ದವು. ತಾಯಿ ಮಮತೆಯಿಂದ ಎಣ್ಣೆ ತಿಕ್ಕಿದರು. ಹೆಪ್ಪು ಕಳಚಿ ಮಗ ತೀರಿಕೊಂಡ. ಆ ತಾಯಿಗೆ ಯಾರೂ ಮೊದಲೇ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚುವುದೇ ಮೊದಲ ಉಪಚಾರವಾದ್ದರಿಂದ ನಾವು ಹೇಳಲೇಬೇಕು. ಬಾವು ಕಂಡರೆ ಮೊದಲು ಪರೀಕ್ಷೆ, ಆಮೇಲೆ ಎಣ್ಣೆ.

ಕೊನೆಯದಾಗಿ, ಮನೆಯಲ್ಲಿ ಯಾರಿಗಾದರೂ ಶಸ್ತ್ರಕ್ರಿಯೆ, ಪ್ಲಾಸ್ಟರ್, ಹೆರಿಗೆ ಎದುರಾದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿರಿ. ಇವರಿಗೆ ಹೆಪ್ಪುಗಟ್ಟುವ ಅಪಾಯ ಎಷ್ಟಿದೆ? ತಡೆಯಲು ಚುಚ್ಚುಮದ್ದು, ಮಾತ್ರೆ ಅಥವಾ ಬಿಗಿ ಕಾಲುಚೀಲ ಬೇಕೇ? ಯಾವ ದಿನದಿಂದ, ಎಷ್ಟು ನಡೆಸಬೇಕು? ಹಾಗೆಯೇ ಮನೆಯಲ್ಲಿ ಹಿಂದೆ ಯಾರಿಗಾದರೂ ಈ ರೋಗ ಬಂದಿದ್ದರೆ ಕೇಳುವ ಮೊದಲೇ ಹೇಳಿರಿ. ಭಾಷೆ ಬಾರದೆಂದು ಸಂಕೋಚಪಟ್ಟು ಸುಮ್ಮನಿರುವ ನಮ್ಮ ಹಿರಿಯರಿಗೆಂದು ಈ ಮೂರು ಪ್ರಶ್ನೆಗಳನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲಿಯೂ ಬರೆದ ಚೀಟಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಬೇಕು. ಊರಿಗೆ ಹೋಗುವವರು ಎರಡು ತೆಗೆದುಕೊಂಡರೂ ಅಡ್ಡಿಯಿಲ್ಲ.

ಒಂದು ಗಂಟೆಯಾಗುತ್ತ ಬಂತು, ತಾವೆಲ್ಲ ಅಲುಗಾಡದೆ ಕುಳಿತು ಕೇಳಿದ್ದೀರಿ. ನಾನು ಹೇಳಿದ ಮಾತಿಗೆ ಅದು ವಿರುದ್ಧವಾದುದರಿಂದ ಈಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕೆಂದು ಬೇಡಿಕೊಳ್ಳುತ್ತೇನೆ.